ವೈಕೀಕಿ: ಕಟ್ಟಿ ನಿಲ್ಲಿಸಿದ ಕಡಲತೀರ

ಸ್ಯಾನ್ ಹೋಸೆಯಲ್ಲಿರುವ ಅಕ್ಕನ ಮಗಳು ನಮ್ಮಿಬ್ಬರನ್ನೂ ಹವಾಯಿಗೆ ಕರೆದುಕೊಂಡು ಹೋಗುತ್ತೇನೆಂದು ಹೊರಟಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ಕುಂದಾಪ್ರದವ್ರು ಕಡ್ಲ್ ಕಾಂಬುಕೆ ಅಷ್ಟ್ ದೂರ ಹೋಯ್ಕಾ?" ಕೇಳಿದ್ದು ನ್ಯಾಯವೇ. ಕೋಡಿಯ ಕಡಲು ನಮ್ಮ ಮನೆಗೆ ಸೈಕಲ್ ತುಳಿಯುವಷ್ಟು ಹತ್ತಿರ. ಮರವಂತೆಗೆ ಬಸ್ಸು ಹತ್ತಿದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ರಸ್ತೆ. ಆ ನೋಟ ಸಿಗುವ ಊರು ಜಗತ್ತಿನಲ್ಲಿ ಎಷ್ಟಿದ್ದಾವು? ಆದರೂ ಪೆಸಿಫಿಕ್ ಸಾಗರದ ನಟ್ಟನಡುವೆ ಜ್ವಾಲಾಮುಖಿ ಉಗುಳಿದ ಕಲ್ಲಿನ ಮೇಲೆ ಒಂದು ಮಹಾನಗರ ಕುಳಿತಿದೆಯೆಂದರೆ ಅದನ್ನು ಕಾಣುವ ಆಸೆ ನನಗೆ ಬಹುಕಾಲದಿಂದ ಇತ್ತು.

ಟಿಕೆಟ್ ಆಯಿತು, ಹೊನೊಲುಲು ನಗರದ ಕಡಲತೀರದ ಬಡಾವಣೆಯಾದ ವೈಕೀಕಿಯಲ್ಲಿ ಕೋಣೆಯೂ ಆಯಿತು. ಆಮೇಲೆ ಹೋಟೆಲಿನಿಂದ ಒಂದು ಪತ್ರ ಬಂತು. ನವೀಕರಣದ ಕೆಲಸ ನಡೆಯುತ್ತಿದೆ, ಈಜುಕೊಳ ಮುಚ್ಚಿದೆ, ಹಗಲಿನಲ್ಲಿ ಸ್ವಲ್ಪ ಸದ್ದಿರುತ್ತದೆ, ಸಹಕರಿಸಿ ಎಂಬ ಒಕ್ಕಣೆ. ನಾನು ಹೌಹಾರಿದೆ. ಹೆದ್ದಾರಿ ಅಗಲ ಮಾಡುವ ಕೆಲಸವನ್ನು ವರ್ಷಗಟ್ಟಲೆ ಉಂಡವರು ನಾವು. ಅರ್ಧಕ್ಕೆ ನಿಂತ ಫ್ಲೈಓವರಿನ ಕಂಬಗಳ ನಡುವೆ ಧೂಳು ಕುಡಿದುಕೊಂಡು ಓಡಾಡಿ ಸಾಕಾಗಿತ್ತು. ರಜೆಯಲ್ಲೂ ಅದೇ ಆದರೆ ಊರು ಬಿಟ್ಟು ಏನು ಬಂತು?

ಹುಡುಗಿ ಮಾತ್ರ ಅಲುಗಲಿಲ್ಲ. "ಮಾವ, ವೈಕೀಕಿಯಲ್ಲಿ ಯಾವಾಗ ಹೋದ್ರೂ ಏನೋ ಒಂದು ಕಟ್ತಾ ಇರ್ತಾರೆ. ಕೆಲಸ ಇಲ್ಲದ ತಿಂಗಳು ಹುಡುಕ್ತಾ ಕೂತ್ರೆ ನೀವು ಹೋಗೋದೇ ಇಲ್ಲ. ಕೆಲಸ ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಬಂದ್, ಅದನ್ನು ನೋಡ್ಕೊಳ್ಳೋಣ" ಎಂದಳು. ನೋಡಿಯೂ ನೋಡಿದಳು. ಹವಾಯಿಯ ನಿಯಮದಂತೆ ಸದ್ದು ಮಾಡುವ ಕಟ್ಟಡ ಕೆಲಸ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 7ರಿಂದ ಸಂಜೆ 6. ಶನಿವಾರ 9ರಿಂದ 6. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಇಲ್ಲವೇ ಇಲ್ಲ. ಅದರ ಹೊರಗೆ ಕೆಲಸ ಮಾಡಬೇಕಾದರೆ ಪ್ರತ್ಯೇಕ ಅನುಮತಿ ಪಡೆಯಬೇಕು. ನಮ್ಮ ಕಡೆ ಸ್ಲ್ಯಾಬ್ ಹಾಕುವ ದಿನ ಮಧ್ಯರಾತ್ರಿಯವರೆಗೂ ಮಿಕ್ಸರ್ ತಿರುಗುತ್ತದೆ, ನೆರೆಯವರು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ಗೌಜಿಗೂ ಒಂದು ವೇಳಾಪಟ್ಟಿ ಇರುತ್ತದೆ ಎನ್ನುವುದೇ ನನಗೆ ಹವಾಯಿಯ ಮೊದಲ ಸೋಜಿಗವಾಯಿತು. ಅದನ್ನು ಕಾಣಲು ವಿಮಾನ ಹತ್ತುವ ಅಗತ್ಯವೂ ಬೀಳಲಿಲ್ಲ.

ಅವಳು ಹೋಟೆಲಿಗೆ ಮತ್ತೊಂದು ಪತ್ರ ಬರೆದು ಕೆಲಸ ಯಾವ ಕಟ್ಟಡದಲ್ಲಿ, ಯಾವ ಮಹಡಿಯಲ್ಲಿ ಎಂದು ಕೇಳಿದಳು. ಅದರ ಬೆನ್ನಿಗಿರುವ, ಬೆಟ್ಟದ ಕಡೆ ಮುಖ ಮಾಡಿದ ಕೋಣೆ ಬೇಕೆಂದು ಹೇಳಿದಳು. ಕೊಳ ಮುಚ್ಚಿದ್ದಕ್ಕೆ ಬಾಡಿಗೆಯಲ್ಲಿ ಅಷ್ಟಿಷ್ಟು ಇಳಿಸಿಯೂ ಕೊಟ್ಟರು. ಕಡಲು ಕಾಣುವ ಕೋಣೆಗೆ ಅಲ್ಲಿ ಬಾಡಿಗೆ ಹೆಚ್ಚು. "ಸಮುದ್ರ ನೋಡೂಕೆ ಬಾಡಿಗೆ ಕೊಡೂದಾ?" ಎಂದು ಹೆಂಡತಿ ಮೊದಲೇ ಹೇಳಿದ್ದರಿಂದ ಬೆಟ್ಟದ ಕೋಣೆಗೆ ಯಾರ ತಕರಾರೂ ಇರಲಿಲ್ಲ.

ಸ್ಯಾನ್ ಹೋಸೆಯಿಂದ ಹೊನೊಲುಲುವಿಗೆ ಐದು ಗಂಟೆಗೂ ಮಿಕ್ಕಿದ ಹಾರಾಟ. ಕೆಳಗೆ ನೀಲಿ ಬಿಟ್ಟರೆ ಏನೂ ಇಲ್ಲ. ಒಂದು ಹಡಗೂ ಕಾಣಲಿಲ್ಲ. ಇಳಿದು ಹೊರಗೆ ಬಂದಾಗ ಮೊದಲು ಮುಟ್ಟಿದ್ದು ಗಾಳಿ. ಈಶಾನ್ಯದಿಂದ ಸದಾ ಬೀಸುವ ವಾಣಿಜ್ಯ ಮಾರುತ ಅದು. ತೆಂಗು, ಮಾವು, ದೇವಕಣಗಿಲೆ, ಕಡಲು ಎಲ್ಲವೂ ನಮ್ಮ ಕರಾವಳಿಯದೇ, ಆದರೆ ಅಂಗಿ ಬೆನ್ನಿಗೆ ಅಂಟುವುದಿಲ್ಲ. ಮೀನಿನ ವಾಸನೆಯೂ ಇಲ್ಲ. ಇದು ಯಾವ ಸೀಮೆಯ ಕಡಲು ಮಾರಾಯ್ರೆ ಎಂದು ನಾನು ಮೂಗರಳಿಸಿಕೊಂಡು ನಿಂತೆ.

ವಿಮಾನ ನಿಲ್ದಾಣದ ಪಕ್ಕದಲ್ಲೇ ಎತ್ತರದ ಕಂಬಗಳ ಮೇಲೆ ರೈಲು ಬಂದು ನಿಂತಿತು. ಸ್ಕೈಲೈನ್ ಎಂದು ಅದರ ಹೆಸರು, ಚಾಲಕನಿಲ್ಲ. ಬೆಂಗಳೂರಿನ ಹಳದಿ ಮಾರ್ಗದಲ್ಲಿ 2025ರ ಆಗಸ್ಟಿನಲ್ಲಿ ಶುರುವಾದದ್ದೂ ಚಾಲಕನಿಲ್ಲದೆ ಓಡಬಲ್ಲ ರೈಲೇ. ಇಲ್ಲಿ ಮೊದಲ ಭಾಗ 2023ರ ಜೂನ್ 30ರಂದು ಓಡಿತು, ವಿಮಾನ ನಿಲ್ದಾಣಕ್ಕೆ 2025ರ ಅಕ್ಟೋಬರಿನಲ್ಲಿ ತಲುಪಿತು. ಆದರೆ ಪ್ರವಾಸಿಗರೆಲ್ಲ ಹೋಗುವ ವೈಕೀಕಿಗೆ ಅದು ಹೋಗುವುದಿಲ್ಲ! ಪೇಟೆಯ ಕಾಕಾಆಕೊದವರೆಗೆ ಮುಂದಿನ ಭಾಗದ ಕೆಲಸ ನಡೆಯುತ್ತಿದೆ, 2031ಕ್ಕೆ ಮುಗಿಸುವ ಗುರಿಯಂತೆ. ಆಮೇಲೂ ವೈಕೀಕಿಗೆ ಬಸ್ಸೇ ಗತಿ. ಯೋಜನೆಯ ವೆಚ್ಚ ಏರುತ್ತಾ ಸಾವಿರ ಕೋಟಿ ಡಾಲರಿನ ಹತ್ತಿರ ಬಂದಿದೆ ಎಂದು ಕೇಳಿದಾಗ, ಕಾಮಗಾರಿ ವಿಳಂಬವೆಂಬುದು ನಮ್ಮ ದೇಶದ ಏಕಸ್ವಾಮ್ಯವೇನೂ ಅಲ್ಲ ಎಂದು ಸ್ವಲ್ಪ ಸಮಾಧಾನವಾಯಿತು.

ವಿಳಂಬಕ್ಕೆ ಕಾರಣ ಹಲವು, ಅದರಲ್ಲಿ ಒಂದು ನನ್ನನ್ನು ತಡೆದು ನಿಲ್ಲಿಸಿತು. ಹವಾಯಿಯ ಮೂಲನಿವಾಸಿಗಳು ತಮ್ಮ ಹಿರಿಯರನ್ನು ಕಡಲ ಬದಿಯ ಮರಳಿನಲ್ಲಿ ಹೂಳುತ್ತಿದ್ದರು. ಗುರುತಿನ ಕಲ್ಲು ಇರುವುದಿಲ್ಲ. ಹಾಗಾಗಿ ಹೊನೊಲುಲುವಿನ ಕಡಲ ಬದಿಯಲ್ಲಿ ಎಲ್ಲೇ ಅಗೆದರೂ ಅಸ್ಥಿ ಸಿಗಬಹುದು. ಸಿಕ್ಕಿದರೆ ಆ ಜಾಗದ ಕೆಲಸ ನಿಲ್ಲಬೇಕು, ಸರ್ಕಾರಕ್ಕೆ ತಿಳಿಸಬೇಕು. ಅಂಥ ವಿಷಯಗಳನ್ನು ನೋಡಿಕೊಳ್ಳಲು ದ್ವೀಪಗಳಿಗೆ ಮಂಡಲಿಗಳೇ ಇವೆ. ರೈಲು ಮಾರ್ಗದ ಉದ್ದಕ್ಕೂ ಈ ಸಮೀಕ್ಷೆ ಮುಗಿಸದೆ ಕಂಬ ನೆಡಲು ಹೊರಟದ್ದು ತಪ್ಪೆಂದು 2012ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೇಳಿತು, ಕೆಲಸ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತಿತು. ಗುತ್ತಿಗೆದಾರನಿಗೆ ನಷ್ಟವಾದೀತು. ಆದರೆ ರಸ್ತೆಗಾಗಿ ನಾಗಬನ ಕಡಿಯುವಾಗ, ದೈವದ ಕಲ್ಲು ಸರಿಸುವಾಗ ನಮ್ಮೂರಿನಲ್ಲಿ ಏಳುವ ಮಾತುಗಳನ್ನು ಕೇಳಿ ಬೆಳೆದ ನನಗೆ ಆ ತೀರ್ಪಿನ ಹಿಂದಿನ ಸಂಕಟ ಪರಕೀಯವೆನಿಸಲಿಲ್ಲ.

ವೈಕೀಕಿಯ ದೊಡ್ಡ ಬೀದಿಗೆ ಕಲಾಕಾವಾ ರಾಜನ ಹೆಸರು. ಜಗತ್ತನ್ನು ಒಂದು ಸುತ್ತು ಹಾಕಿದ ಮೊದಲ ಆಳುವ ದೊರೆ ಎಂದು ಅವನನ್ನು ಹೇಳುತ್ತಾರೆ. 1881ರ ಆ ಪ್ರವಾಸದಲ್ಲಿ ಅವನು ಕಲ್ಕತ್ತಾ, ಬೊಂಬಾಯಿಗಳಿಗೂ ಬಂದಿದ್ದ. ಅವನು ನಮ್ಮ ದೇಶ ನೋಡಿ ಹೋಗಿದ್ದಾನೆ, ನಾವು ಅವನ ಊರು ನೋಡಲು ಬಂದಿದ್ದೇವೆ, ಲೆಕ್ಕ ಚುಕ್ತಾ ಎಂದು ನಾನು ಹೇಳಿದ್ದಕ್ಕೆ ಯಾರೂ ನಗಲಿಲ್ಲ. ಬೀದಿಯ ಎರಡೂ ಬದಿಗೆ ಆಕಾಶಕ್ಕೆ ಎದ್ದ ಹೋಟೆಲುಗಳು. ಅಲ್ಲಲ್ಲಿ ಹಸಿರು ಬಲೆ ಹೊದಿಸಿದ ಸಾರುವೆ, ಅದರ ನೆತ್ತಿಯಲ್ಲಿ ಕ್ರೇನ್, ಕೆಳಗೆ ಕಿತ್ತಲೆ ಬಣ್ಣದ ಪ್ಲಾಸ್ಟಿಕ್ ಕೋನುಗಳು. ಫುಟ್‌ಪಾತ್ ಅಗೆದ ಕಡೆ ನಡೆಯುವವರಿಗೆ ಬೇಲಿ ಕಟ್ಟಿ, ಮೇಲೆ ಹಲಗೆ ಹಾಸಿ ಬೇರೆ ದಾರಿ ಮಾಡಿದ್ದರು. ಗಾಲಿಕುರ್ಚಿಯೂ ದಾಟುವಂತೆ ಇಳಿಜಾರು ಕೊಟ್ಟಿದ್ದರು. ನಾನು ಆ ಹಲಗೆಯ ಮೇಲೆ ಎರಡು ಸಲ ಹಿಂದೆ ಮುಂದೆ ನಡೆದು ನೋಡಿದೆ. ಊರಿನಲ್ಲಿ ಗುಂಡಿಗೆ ಅಡ್ಡ ಒಂದು ಮರದ ಟೊಂಗೆ ಚುಚ್ಚಿಟ್ಟರೆ ಅದೇ ಸುರಕ್ಷತಾ ವ್ಯವಸ್ಥೆ.

ಬೆಳಿಗ್ಗೆ ಏಳು ಗಂಟೆಗೆ ಸರಿಯಾಗಿ ಕಾಂಕ್ರೀಟ್ ಒಡೆಯುವ ಬ್ರೇಕರ್ ಶುರುವಾಯಿತು. ಗಡಿಯಾರ ನೋಡಬೇಕಾಗಿಲ್ಲ, ಆ ಸದ್ದಿಗೇ ಗಡಿಯಾರ ಸರಿಮಾಡಿಕೊಳ್ಳಬಹುದು. ಅಷ್ಟರಲ್ಲಿ ನಾವು ಕಡಲ ಬದಿಯಲ್ಲಿದ್ದೆವು. ಹುಡುಗಿಯ ಯೋಜನೆಯೇ ಅದು: ನಸುಕಿನಲ್ಲಿ ವೈಕೀಕಿಯ ಮರಳು, ಹಗಲೆಲ್ಲ ದ್ವೀಪದ ಬೇರೆ ಮೂಲೆ, ಆರರ ನಂತರ ಮತ್ತೆ ವೈಕೀಕಿ, ಭಾನುವಾರ ಪೂರ್ತಿ ಮರಳಿನ ಮೇಲೇ.

ಮರಳಿನ ವಿಷಯಕ್ಕೆ ಬರುತ್ತೇನೆ. ಅದು ಬೆಳ್ಳಗಿದೆ, ಮೃದುವಾಗಿದೆ, ಬರಿಗಾಲಿಗೆ ಸುಡುವುದೂ ಕಡಿಮೆ. ದ್ವೀಪವಿಡೀ ಕರಿಯ ಲಾವಾ ಕಲ್ಲು. ಇಷ್ಟು ಬಿಳಿಯ ಮರಳು ಎಲ್ಲಿಂದ? ನಮ್ಮ ಕರಾವಳಿಗೆ ಮರಳು ತರುವುದು ಹೊಳೆಗಳು. ಘಟ್ಟದ ಕಲ್ಲು ಸವೆದು ಶರಾವತಿ, ಅಘನಾಶಿನಿ, ವಾರಾಹಿಯಲ್ಲಿ ಇಳಿದು ಕಡಲಿಗೆ ಬೀಳುತ್ತದೆ, ಅಲೆ ಅದನ್ನು ದಡಕ್ಕೆ ತಂದು ಹಾಕುತ್ತದೆ. ಇಲ್ಲಿಯದು ಹವಳ, ಚಿಪ್ಪು, ಕಡಲ ಜೀವಿಗಳ ಸುಣ್ಣದ ಪುಡಿ. ಹವಳದ ಬಂಡೆ ಕೆರೆದು ತಿನ್ನುವ ಗಿಳಿಮೀನಿನ ಹೊಟ್ಟೆಯಿಂದಲೂ ಮರಳು ಬರುತ್ತದೆ! ಹೆಂಡತಿ ಕೈಯಲ್ಲಿದ್ದ ಹಿಡಿ ಮರಳನ್ನು ಮೆಲ್ಲಗೆ ಕೆಳಗೆ ಬಿಟ್ಟಳು.

ಸೋಜಿಗ ಇಷ್ಟಕ್ಕೇ ಮುಗಿಯಲಿಲ್ಲ. ಈ ಮರಳಿನಲ್ಲಿ ಬಹುಪಾಲು ತಾನಾಗಿ ಇಲ್ಲಿಗೆ ಬಂದದ್ದೇ ಅಲ್ಲ. 1901ರಲ್ಲಿ ಮೋನಾ ಹೋಟೆಲು, 1927ರಲ್ಲಿ ಗುಲಾಬಿ ಬಣ್ಣದ ರಾಯಲ್ ಹವಾಯಿಯನ್ ಹೋಟೆಲು ತಲೆಯೆತ್ತಿದವು. ಆ ಕಾಲದಲ್ಲಿ ದಡದ ಉದ್ದಕ್ಕೂ ಕಟ್ಟಡಗಳನ್ನು ಕಾಯಲು ಗೋಡೆ ಕಟ್ಟಿದರು. ಗೋಡೆಗೆ ಬಡಿದ ಅಲೆ ಹಿಂದಿರುಗುವಾಗ ಮರಳನ್ನು ಎಳೆದುಕೊಂಡು ಹೋಯಿತು. ಉಳ್ಳಾಲ, ಸೋಮೇಶ್ವರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಳು ಹೋದಂತೆ ಹೊರಗಿನಿಂದ ತಂದು ಸುರಿದರು. ಮೊಲೊಕಾಯ್ ದ್ವೀಪದಿಂದ ಬಂತು, ಕ್ಯಾಲಿಫೋರ್ನಿಯಾದ ಬೀಚುಗಳಿಂದಲೂ ಹಡಗಿನಲ್ಲಿ ಬಂತೆಂದು ಹೇಳುತ್ತಾರೆ. ಸುರಿದದ್ದು ಸರಿದು ಹೋಗದಂತೆ ತಡೆಯಲು ರಾಯಲ್ ಹವಾಯಿಯನ್ನಿನ ಪಕ್ಕ 1927ರಲ್ಲೇ ಕಡಲಿಗೆ ಅಡ್ಡ ದಂಡೆ ಹಾಕಿದರು. ಮರವಂತೆಯಲ್ಲೂ ಈಗ ಕಲ್ಲು ಪೇರಿಸಿ ಹಾಕಿದ್ದಾರಲ್ಲ, ಗ್ರೋಯ್ನ್ ಎನ್ನುತ್ತೇವಲ್ಲ, ಅದೇ. ತೊಂಬತ್ತು ವರ್ಷ ದಾಟಿದ ಆ ಹಳೆಯ ದಂಡೆ ಶಿಥಿಲವಾಗಿ 2020ರಲ್ಲಿ ಹೊಸದನ್ನು ಕಟ್ಟಿದರು.

2012ರಲ್ಲಿ ಮತ್ತು 2021ರಲ್ಲಿ ಮಾಡಿದ ಕೆಲಸ ಇನ್ನೂ ವಿಚಿತ್ರ. ಅಲೆ ಎಳೆದೊಯ್ದ ಮರಳು ಸ್ವಲ್ಪ ದೂರದಲ್ಲಿ ಕಡಲ ತಳದಲ್ಲಿ ಗುಡ್ಡೆಬಿದ್ದಿರುತ್ತದೆ. ಅದನ್ನು ನೀರಿನ ಸಮೇತ ಪಂಪಿನಿಂದ ಎತ್ತಿ, ಕೊಳವೆಯಲ್ಲಿ ದಡಕ್ಕೆ ತಂದು, ಕೂಹಿಯೊ ಬೀಚಿನ ಒಂದು ಮೂಲೆಯಲ್ಲಿ ಕಟ್ಟೆ ಕಟ್ಟಿ ನೀರು ಬಸಿದು, ಟಿಪ್ಪರಿನಲ್ಲಿ ತುಂಬಿ ದಡದ ಉದ್ದಕ್ಕೂ ಹರವಿದರು. ಎರಡನೆಯ ಸಲ ಸುಮಾರು 15 ಸಾವಿರ ಘನ ಮೀಟರ್ ಮರಳು. ಅರ್ಧ ಕಿಲೋಮೀಟರಿಗೆ ತುಸು ಹೆಚ್ಚಿರುವ ಆ ದಡದ ಅಗಲ ಒಂಬತ್ತು ಮೀಟರಿನಷ್ಟು ಹೆಚ್ಚಿತು. ಅಲೆ ಮತ್ತೆ ಎಳೆಯುತ್ತದೆ, ಇವರು ಮತ್ತೆ ತುಂಬುತ್ತಾರೆ. ರಜೆಗೆ ಬಂದ ಕಡೆ ಕಾಮಗಾರಿ ಅಡ್ಡ ಬಂತೆಂದು ನಾನು ಗೊಣಗಿದ್ದೆ. ಇಲ್ಲಿ ನಾನು ಟವೆಲ್ ಹಾಸಿ ಮಲಗಿದ್ದ ಬೀಚೇ ಒಂದು ಕಾಮಗಾರಿ. ಕೆಲಸ ನಿಂತರೆ ಬೀಚೂ ಇಲ್ಲ. ಅಂದಿನಿಂದ ಕ್ರೇನುಗಳ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು.

ಇಷ್ಟೆಲ್ಲ ಖರ್ಚು ಮಾಡಿದ ದಡಕ್ಕೆ ಹೋಟೆಲಿನವರು ಬೇಲಿ ಹಾಕುವಂತಿಲ್ಲ. ಅಲೆ ಏರಿ ಬರುವ ಗೆರೆಯವರೆಗಿನ ಬೀಚೆಲ್ಲ ಸಾರ್ವಜನಿಕರದ್ದು ಎಂಬುದು ಹವಾಯಿಯ ಕಾನೂನು. ದುಬಾರಿ ಹೋಟೆಲಿನ ಮುಂದೆಯೇ ಊರಿನ ಮಕ್ಕಳು ಹಲಗೆ ಹಿಡಿದು ನೀರಿಗೆ ಹಾರುತ್ತಿದ್ದರು, ಯಾರೂ ಗದರುತ್ತಿರಲಿಲ್ಲ. ಇದನ್ನು ನಾನು ಮೆಚ್ಚಿಕೊಂಡೆ. ನಮ್ಮ ಕಡೆಯ ರೆಸಾರ್ಟುಗಳಿಗೂ ಇದನ್ನು ಯಾರಾದರೂ ಓದಿ ಹೇಳಬೇಕು.

ಮೆಚ್ಚದ್ದು ಒಂದಿದೆ: ಬೀದಿಯ ತೆಂಗಿನ ಮರಗಳಲ್ಲಿ ಕಾಯಿಲ್ಲ. ಸಾಲು ಸಾಲು ಮರ, ಬಳುಕುವ ಗರಿ, ಒಂದು ಸೀಯಾಳವೂ ಇಲ್ಲ. ಯಾರ ತಲೆಯ ಮೇಲಾದರೂ ಬಿದ್ದರೆ ದಾವೆ ಹೂಡುತ್ತಾರೆಂದು ಬಲಿಯುವ ಮೊದಲೇ ಕಡಿದು ತೆಗೆಯುತ್ತಾರಂತೆ. ಕಾಯಿಯ ದರ ಏರಿದ ಊರಿನಿಂದ ಹೋದವರಿಗೆ ಹೊಟ್ಟೆ ಉರಿಯದಿರುತ್ತದೆಯೇ? ಹೆಂಡತಿ ಪ್ರತಿ ಮರದ ಕೆಳಗೂ ನಿಂತು ತಲೆಯೆತ್ತಿ ನೋಡಿ "ಥೂ" ಎನ್ನುತ್ತಿದ್ದಳು.

ಅವಳ ಮನಸ್ಸು ಹಗುರಾದದ್ದು ಮೋನಾ ಹೋಟೆಲಿನ ಹಿತ್ತಲಿನಲ್ಲಿ. ಅಲ್ಲಿ ಕಡಲಿಗೆ ಮುಖ ಮಾಡಿ ಒಂದು ಆಲದ ಮರ. 1904ರಲ್ಲಿ ನೆಟ್ಟದ್ದು, ನಮ್ಮದೇ ಜಾತಿಯ ಆಲ, ಬಿಳಲು ಬಿಟ್ಟು ಅಂಗಳವನ್ನೆಲ್ಲ ಹೊದ್ದು ಕೂತಿದೆ. ಅದರ ಕೆಳಗಿನ ಮೇಜುಗಳ ಮೇಲೆ ಬಿದ್ದ ರೊಟ್ಟಿಯ ಚೂರಿಗೆ ಜಗಳವಾಡುತ್ತಿದ್ದುದು ಗೊರವಂಕ! ಹುಳುವಿನ ಕಾಟ ತಡೆಯಲೆಂದು 1865ರಲ್ಲಿ ಭಾರತದಿಂದ ತಂದು ಬಿಟ್ಟ ಹಕ್ಕಿಯ ಸಂತಾನ. ಪಕ್ಕದ ಹೋಟೆಲಿನ ಸಾರುವೆಯ ಕೊಳವೆಗಳಲ್ಲೇ ಅವುಗಳ ಸಂಸಾರ. ಬ್ರೇಕರ್ ಸದ್ದಿಗೆ ಒಂದಿಷ್ಟೂ ಬೆದರುವುದಿಲ್ಲ. ರಸ್ತೆಗಳ ಬದಿಯಲ್ಲಿ ಕಕ್ಕೆಯ ಹಳದಿ ಗೊಂಚಲುಗಳು ಬೇರೆ. ಅದನ್ನು ಇನ್ನೊಂದು ಜಾತಿಯೊಡನೆ ಬೆರೆಸಿ ಹುಟ್ಟಿಸಿದ, ಹಳದಿ ಗುಲಾಬಿ ಎರಡೂ ಮಿಶ್ರವಾದ ಹೂವಿನ ಮರವೇ ಹೊನೊಲುಲು ನಗರದ ಅಧಿಕೃತ ಮರವಂತೆ. ವಿಷುವಿನ ಹೊತ್ತಿಗೆ ನಮ್ಮ ಗುಡ್ಡೆಗಳಲ್ಲಿ ಬಿಡುವ ಹೂವು ಅಷ್ಟು ದೂರ ಹೋಗಿ ಹೊಸ ಸಂಬಂಧ ಬೆಳೆಸಿಕೊಂಡಿದೆ.

ಕಡಲಿಗೆ ಬೆನ್ನು ಹಾಕಿ ನಡೆದರೆ ಅಲಾ ವಾಯ್ ಕಾಲುವೆ. ವೈಕೀಕಿಯ ನಿಜವಾದ ಕತೆ ಇರುವುದು ಇಲ್ಲಿ. ನೂರು ವರ್ಷದ ಹಿಂದೆ ಈ ಹೋಟೆಲುಗಳ ಜಾಗದಲ್ಲಿ ಇದ್ದದ್ದು ಗದ್ದೆ. ಮೂಲನಿವಾಸಿಗಳ ಕೆಸುವಿನ ಗದ್ದೆ, ಮೀನಿನ ಕೊಳ, ಆಮೇಲೆ ಚೀನಾದಿಂದ ಬಂದ ರೈತರ ಭತ್ತ, ಬಾತುಕೋಳಿ. ಬೆಟ್ಟದ ಕಣಿವೆಗಳಿಂದ ಇಳಿದ ತೊರೆಗಳು ಗದ್ದೆ ತುಂಬಿಸಿ ಕಡಲು ಸೇರುತ್ತಿದ್ದವು. ಸೊಳ್ಳೆ, ಜೌಗು, ಆರೋಗ್ಯಕ್ಕೆ ಹಾನಿ ಎಂಬ ನೆಪವೂ ಕಾರಣವೂ ಸೇರಿ 1921ರಿಂದ 1928ರವರೆಗೆ ಸುಮಾರು ಮೂರು ಕಿಲೋಮೀಟರ್ ಉದ್ದದ ಈ ಕಾಲುವೆ ತೋಡಿದರು. ತೊರೆಗಳನ್ನೆಲ್ಲ ಅದಕ್ಕೆ ತಿರುಗಿಸಿದರು. ತೋಡಿದ ಹವಳದ ಮಣ್ಣನ್ನು ಗದ್ದೆಗೆ ತುಂಬಿದರು. ಸೈಟು ಸಿದ್ಧ. ಗದ್ದೆಗೆ ಕೆಮ್ಮಣ್ಣು ಹೊಡೆಸಿ ಲೇಔಟ್ ಮಾಡುವುದನ್ನು ನಮ್ಮ ಹೆದ್ದಾರಿಯ ಎರಡೂ ಬದಿ ದಿನಾ ನೋಡುತ್ತೇವೆ. ಅದರ ನೂರು ವರ್ಷದ ಮುಂದಿನ ರೂಪ ಹೇಗಿರುತ್ತದೆ ಎಂದು ಕೇಳಿದವರಿಗೆ ವೈಕೀಕಿ ತೋರಿಸಬಹುದು. ಸಂಜೆ ಆ ಕಾಲುವೆಯಲ್ಲಿ ಪಕ್ಕಕ್ಕೆ ತೇಲುಮರ ಕಟ್ಟಿದ ಉದ್ದನೆಯ ದೋಣಿಗಳಲ್ಲಿ ತರುಣ ತರುಣಿಯರು ಹುಟ್ಟು ಹಾಕುವುದನ್ನು ನೋಡುತ್ತಾ ಕೂತೆವು. ಹುಟ್ಟುಗಳೆಲ್ಲ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಬೀಳುತ್ತಿದ್ದವು. ನೀರಿನ ಬಣ್ಣ ಮಾತ್ರ ಕಂದು, ಈಜುವವರು ಯಾರೂ ಇರಲಿಲ್ಲ.

ಹಗಲಿನ ತಿರುಗಾಟದಲ್ಲಿ ಹನೌಮಾ ಕೊಲ್ಲಿಗೆ ಹೋದೆವು. ಜ್ವಾಲಾಮುಖಿಯ ಬಾಯಿಯ ಒಂದು ಅಂಚು ಕುಸಿದು ಕಡಲು ಒಳಗೆ ಬಂದು ಆದ ಕೊಲ್ಲಿ. ಸೋಮವಾರ, ಮಂಗಳವಾರ ಬಾಗಿಲು ಹಾಕಿರುತ್ತದೆ. ಮೀನುಗಳಿಗೂ ವಾರದ ರಜೆ. ಉಳಿದ ದಿನವೂ ಹೊರಗಿನವರಲ್ಲಿ ಮುಂಗಡ ಕಾದಿರಿಸಿದವರಿಗೆ ಪ್ರವೇಶ, ಅದೂ ರಕ್ಷಣೆಯ ಕುರಿತ ಚಿತ್ರ ನೋಡಿದ ಮೇಲೆ. ಡೈಮಂಡ್ ಹೆಡ್ ಬೆಟ್ಟಕ್ಕೂ ಹೊರಗಿನವರು ಮುಂಗಡ ಸಮಯ ಪಡೆದು ಹತ್ತಬೇಕು. 1908ರಲ್ಲಿ ಸೇನೆಯವರಿಗಾಗಿ ಮಾಡಿದ ದಾರಿ, ಸುರಂಗ, ಕಡಿದಾದ ಮೆಟ್ಟಿಲು, ಕೊನೆಗೆ 232 ಮೀಟರ್ ಎತ್ತರದ ತುದಿ. ಅಲ್ಲಿಂದ ವೈಕೀಕಿ ಒಂದೇ ನೋಟಕ್ಕೆ ಸಿಗುತ್ತದೆ: ಹಿಂದೆ ಹಸಿರು ಬೆಟ್ಟ, ಕಂದು ಕಾಲುವೆ, ಒತ್ತೊತ್ತಾಗಿ ಹೋಟೆಲು, ನಡುವೆ ತಿರುಗುವ ಕ್ರೇನು, ಬಿಳಿಯ ಮರಳಿನ ಒಂದು ತೆಳು ಅಂಚು, ಆಮೇಲೆ ಹೇಳಿ ಮುಗಿಯದ ನೀಲಿ. ಅಷ್ಟು ದೊಡ್ಡ ವ್ಯಾಪಾರವೆಲ್ಲ ನಿಂತಿರುವುದು ಅಷ್ಟು ಚಿಕ್ಕ ಅಂಚಿನ ಮೇಲೆ ಎಂದು ಕೆಳಗಿದ್ದಾಗ ಅನಿಸುವುದಿಲ್ಲ.

ಭಾನುವಾರ ಬಂತು, ಬ್ರೇಕರ್ ಮಲಗಿತು. ಊರಿನ ಸಂಸಾರಗಳು ಚಾಪೆ, ಬುತ್ತಿ, ಮಕ್ಕಳು ಮರಿ ಸಮೇತ ಇಳಿದವು. ಅಂದು ನೀರಿಗಿಳಿಯಬೇಕೆಂದು ಹೊರಟರೆ ದಡದಲ್ಲಿ ಜೀವರಕ್ಷಕರ ಎಚ್ಚರಿಕೆಯ ಫಲಕ: ಕುಟುಕುವ ಪೆಟ್ಟಿಗೆ ಲೋಳೆಮೀನು ಬಂದಿದೆ. ಹುಣ್ಣಿಮೆ ಕಳೆದ ಎಂಟರಿಂದ ಹತ್ತನೆಯ ದಿನಕ್ಕೆ ಅವು ದ್ವೀಪದ ಈ ಬದಿಯ ದಡಕ್ಕೆ ಹಿಂಡಾಗಿ ಬರುತ್ತವಂತೆ. ಕುಟುಕಿದರೆ ತಡೆಯಲಾರದ ಉರಿ. ಹೆಂಡತಿ ಬೆರಳು ಮಡಿಸಿ ಲೆಕ್ಕ ಹಾಕಿ, "ಇವತ್ತ್ ಬಹುಳ ನವಮಿ, ಸರಿ ಉಂಟ್" ಎಂದಳು. ನಾವು ಮರಳಿನ ಮೇಲೇ ಕೂತು ಕಾಲು ಚಾಚಿದೆವು.

ವೈಕೀಕಿಗೆ ಹೊರಡುವವರಿಗೆ ನನ್ನ ಮಾತು ಇಷ್ಟು. ಹಣ ಕಟ್ಟುವ ಮೊದಲು ಹೋಟೆಲಿಗೆ ಎರಡು ಸಾಲು ಬರೆದು ಕೆಲಸ ಎಲ್ಲಿ, ಕೊಳ ತೆರೆದಿದೆಯೇ, ಬೆನ್ನಿನ ಕೋಣೆ ಸಿಗುತ್ತದೆಯೇ ಎಂದು ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಒಂದಾದರೂ ಭಾನುವಾರ ಸಿಗುವಂತೆ ಟಿಕೆಟ್ ಮಾಡಿ. ಬೆಳಿಗ್ಗೆ ಏಳರೊಳಗೆ ಕೋಣೆ ಬಿಡಿ. ಮನೆಯ ಪಂಚಾಂಗವನ್ನೂ ಒಮ್ಮೆ ತೆರೆದು ನೋಡಿ: ಬಹುಳ ಅಷ್ಟಮಿಯಿಂದ ದಶಮಿಯವರೆಗಿನ ದಿನಗಳನ್ನು ಡೈಮಂಡ್ ಹೆಡ್ ಹತ್ತುವುದಕ್ಕೆ ಇಟ್ಟುಕೊಳ್ಳಿ, ಕಡಲಿಗೆ ಬೇಡ.